ಪಂಚಾಯ್ತಿಲಿ ದುಡ್ಡಿಲ್ಲ ಅಂತ ಕೂರೋಕೆ ಮುಂಚೆ ಕರೆಂಟ್ ಬಿಲ್ ತೆಗೆದು ನೋಡಿ

ಹೊಸ್ದಾಗಿ ಗ್ರಾಮ ಪಂಚಾಯ್ತಿ ಮೆಂಬರ್ ಆದೋರಿಗೆ ಮೊದಲ್ನೇ ಸಭೆಲೇ ಕೇಳ್ಸೋ ಮಾತು, ಅನುದಾನ ಇಲ್ಲ. ನಾನೂ ಒಂದು ಅವಧಿ ಮೆಂಬರ್ ಆಗಿದ್ದೆ, ಮೊದಲ್ನೇ ವರ್ಷ ಪೂರ್ತಿ ಇದನ್ನೇ ನಂಬ್ಕೊಂಡು ಅರ್ಜಿ ಹಿಡ್ಕೊಂಡು ತಾಲ್ಲೂಕಿಗೆ ಓಡಾಡಿದ್ದೇ ಬಂತು. ದುಡ್ಡು ಕಮ್ಮಿ ಬರೋದು ನಿಜ, ಆದ್ರೆ ಬಂದಿದ್ದು ಎಲ್ಲೆಲ್ಲಿ ಸೋರ್ತಿದೆ ಅಂತ ನಾವು ಯಾರೂ ಕೂತು ನೋಡಿರ್ಲಿಲ್ಲ. ಈಗ ಆಯ್ಕೆ ಆಗಿರೋರು, ಆಗ್ಬೇಕು ಅಂತಿರೋರು ಇದನ್ನ ಓದ್ಕೊಳ್ಳಿ, ನಾನು ಕಳ್ಕೊಂಡ ಆ ಒಂದು ವರ್ಷ ನಿಮಗೆ ಉಳಿಯತ್ತೆ.

ಮೊದ್ಲು ಯಾವ ದುಡ್ಡು ಯಾವುದಕ್ಕೆ ಅಂತ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ರ ಕೂತು ಬರ್ಸ್ಕೊಳ್ಳಿ. ಕೇಂದ್ರದಿಂದ ಬರ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ (2021ರಿಂದ 2026ರವರೆಗೆ) ಶೇ. 60 ಕುಡಿಯೋ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಉಳಿದ ಶೇ. 40ನ್ನ ಊರಿನ ಬೇರೆ ಕೆಲಸಕ್ಕೆ ಬಳಸಬಹುದಿತ್ತು ಆದ್ರೆ ಸಂಬಳಕ್ಕೆ ಬಳಸೋ ಹಾಗಿರ್ಲಿಲ್ಲ. ಅಂದ್ರೆ ನಮ್ಮ ಕೈಲಿ ಸ್ವಲ್ಪ ಸಲೀಸಾಗಿ ಖರ್ಚು ಮಾಡೋಕೆ ಇರೋದು ಮನೆ ಕಂದಾಯ, ನೀರಿನ ಕರ, ಲೈಸೆನ್ಸ್ ಫೀಸು ಇಷ್ಟೇ. ಅದ್ರಲ್ಲೂ ಪರಿಶಿಷ್ಟರಿಗೆ, ಅಂಗವಿಕಲರಿಗೆ ಅಂತ ತೆಗೆದಿಡೋ ಪಾಲು ಇರತ್ತೆ, ದುಡ್ಡು ಸಾಲ್ತಿಲ್ಲ ಅಂತ ಅದಕ್ಕೆ ಮಾತ್ರ ದಯವಿಟ್ಟು ಕೈ ಹಾಕ್ಬೇಡಿ.

ಆಮೇಲೆ ಕರೆಂಟ್ ಬಿಲ್. ಪಂಚಾಯ್ತಿ ಹೆಸರಲ್ಲಿರೋ ಎಲ್ಲಾ ಆರ್‌ಆರ್ ನಂಬರ್ (ಒಂದೊಂದು ಕರೆಂಟ್ ಕನೆಕ್ಷನ್‌ಗೂ ಇರೋ ನಂಬರ್) ಪಟ್ಟಿ ತಗೊಂಡು ನೀರುಗಂಟಿನ (ಊರಿಗೆ ನೀರು ಬಿಡೋನು) ಜೊತೆಗೆ ಕರ್ಕೊಂಡು ಒಂದೊಂದೇ ಜಾಗಕ್ಕೆ ನಡ್ಕೊಂಡೇ ಹೋಗಿ ನೋಡಿ, ಕಾಗದದಲ್ಲಿ ನೋಡಿದ್ರೆ ಏನೂ ಗೊತ್ತಾಗಲ್ಲ. ಬತ್ತಿ ಹೋಗಿ ವರ್ಷಗಳೇ ಆಗಿರೋ ಬೋರ್‌ವೆಲ್‌ಗಳ ಕನೆಕ್ಷನ್ ಹಾಗೇ ಇರತ್ತೆ, ಮೋಟಾರ್ ಮೇಲೆತ್ತಿ ಗೋಡೌನಿಗೆ ಹಾಕಿರ್ತಾರೆ, ತಿಂಗಳಿಗೆ ನಿಗದಿತ ಶುಲ್ಕ ಮಾತ್ರ ಬರ್ತಾನೇ ಇರತ್ತೆ. ನಮ್ಮಲ್ಲಿ ಅಂಥವು ಮೂರು ಸಿಕ್ಕಿದ್ವು. ಸಭೆಲಿ ಠರಾವು ಮಾಡಿ, ಕನೆಕ್ಷನ್ ರದ್ದು ಮಾಡಿ ಅಂತ ಕರೆಂಟ್ ಆಫೀಸಿಗೆ ಪತ್ರ ಕೊಟ್ಟು, ಕಾಪಿ ಮೇಲೆ ಸೀಲು ಹಾಕಿಸ್ಕೊಂಡು ಬನ್ನಿ, ಬರೀ ಬಾಯಲ್ಲಿ ಹೇಳಿ ಬಂದ್ರೆ ಆಗಲ್ಲ.

ಬೀದಿದೀಪದ ಲೆಕ್ಕ ನೀವೇ ಹಾಕಿ. 200 ಕಂಬ ಇದೆ ಅಂದ್ಕೊಳ್ಳಿ, 40 ವ್ಯಾಟ್ ಟ್ಯೂಬ್ ತೆಗೆದು 20 ವ್ಯಾಟ್ ಎಲ್‌ಇಡಿ ಹಾಕಿದ್ರೆ ರಾತ್ರಿಗೆ 12 ಗಂಟೆ ಕಾಲ ಉರಿದ್ರೆ ದಿನಕ್ಕೆ 48 ಯೂನಿಟ್ ಉಳಿಯತ್ತೆ, ತಿಂಗಳಿಗೆ 1440. ಆದ್ರೆ ಎಲ್‌ಇಡಿ ಹಾಕಿದೀವಿ ಅಂತ ಸುಮ್ನಾಗ್ಬೇಡಿ, ಬೆಳಗ್ಗೆ 10 ಗಂಟೆಯಾದ್ರೂ ಉರೀತಿರೋ ಲೈಟು ಎಷ್ಟು ಊರಲ್ಲಿ ನೋಡಿಲ್ಲ ನಾವು. ಬೀದಿದೀಪಕ್ಕೆ ಬೇರೆ ತಂತಿ ಎಳೆದು ಸ್ವಿಚ್ ಇಟ್ಟಿರಲ್ಲ, ಅದೇ ಕಾರಣ. ಆ ತಂತಿ, ಒಂದು ಟೈಮರ್, ಮೀಟರ್ ಇಷ್ಟು ಮೊದಲು ಹಾಕ್ಸಿ, ಬಲ್ಬ್ ಆಮೇಲೆ.

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ದುಡ್ಡು ಹೋಗೋದು ಮೋಟಾರ್ ರಿಪೇರಿಗೆ. ಬೇಸಿಗೆಲಿ ಸುಟ್ಟೋಯ್ತು ಅಂತಾರೆ, ಎತ್ತೋಕೆ ಲಾರಿ, ರಿವೈಂಡಿಂಗ್, ಮತ್ತೆ ಇಳ್ಸೋದು, ಅಷ್ಟರಲ್ಲಿ ನಾಲ್ಕು ದಿನ ಟ್ಯಾಂಕರ್ ನೀರು, ಬಿಂದಿಗೆ ಹಿಡ್ಕೊಂಡು ಹೆಣ್ಮಕ್ಳು ರಸ್ತೆಲಿ ನಿಲ್ಬೇಕು. ಎರಡು ವರ್ಷದ ರಿಪೇರಿ ಬಿಲ್ ತೆಗೆದು ಬೋರ್ ಪ್ರಕಾರ ಜೋಡಿಸಿದ್ರೆ ಅದೇ ಎರಡು ಮೂರು ಬೋರ್ ಮತ್ತೆ ಮತ್ತೆ ಬರ್ತಿರತ್ತೆ. ಒಂದೋ ನೀರು ಇಳಿದು ಮೋಟಾರ್ ಖಾಲಿ ಓಡ್ತಿರತ್ತೆ, ಇಲ್ಲಾ ಮೂರು ಫೇಸಲ್ಲಿ ಒಂದು ಹೋದಾಗ್ಲೂ ಆಫ್ ಆಗ್ದೆ ಓಡಿ ಸುಡತ್ತೆ. ಇವೆರಡಕ್ಕೂ ತಾನೇ ಆಫ್ ಆಗೋ ಸಾಧನ ಇರೋ ಪ್ಯಾನಲ್ ಬೋರ್ಡ್ ಹಾಕ್ಸಿ, ರಿಪೇರಿ ಬಿಲ್ಲಿನ ಪಕ್ಕ ಇಟ್ಟು ನೋಡಿದ್ರೆ ಅದರ ಖರ್ಚು ಏನೂ ಅಲ್ಲ. ನೀರುಗಂಟಿಗೆ ಸಂಬಳ ತಿಂಗಳು ತಿಂಗಳು ಸರಿಯಾಗಿ ಕೊಡಿ, ಯಾವ ವಾಲ್ವ್ ಎಲ್ಲಿ ಸೋರ್ತಿದೆ ಅಂತ ಇಡೀ ಪಂಚಾಯ್ತಿಲಿ ಗೊತ್ತಿರೋದು ಅವನೊಬ್ಬನಿಗೇ.

ಕಂದಾಯಕ್ಕೆ ಡಿಸಿಬಿ ಪುಸ್ತಕ ಕೇಳಿ, ಬೇಡಿಕೆ, ವಸೂಲಿ, ಬಾಕಿ ಮೂರೂ ಅದ್ರಲ್ಲಿರತ್ತೆ. ಬಡವರ ಮನೆ ಬಾಗಿಲಿಗೆ ಹೋಗೋಕೆ ಮುಂಚೆ ದೊಡ್ಡ ಬಾಕಿ ಇರೋ 20 ಹೆಸರು ಬರ್ಕೊಳ್ಳಿ, ಕಲ್ಯಾಣ ಮಂಟಪ, ಲೇಔಟು, ಮೊಬೈಲ್ ಟವರ್, ನಮ್ಮಂಥ ಮೆಂಬರ್‌ಗಳ ಮನೆನೂ ಅದ್ರಲ್ಲಿರ್ಬಹುದು. ನಾನು ನಮ್ಮನೆ ಬಾಕಿ ಮೊದಲು ಕಟ್ಟಿ ರಸೀದಿ ಹಿಡ್ಕೊಂಡೇ ಸಭೆಗೆ ಹೋದೆ, ಆಮೇಲೆ ಬಿಲ್ ಕಲೆಕ್ಟರ್‌ಗೂ ಕೇಳೋಕೆ ಧೈರ್ಯ ಬಂತು. ವಸೂಲಿ ಕ್ಯಾಂಪ್ ಮಾರ್ಚ್‌ಗೆ ಕಾಯ್ಬೇಡಿ, ನಿಮ್ಮ ಕಡೆ ಅಡಿಕೆನೋ ರಾಗಿನೋ ಮಾರಿ ಜನರ ಕೈಲಿ ದುಡ್ಡು ಓಡಾಡೋ ತಿಂಗಳಲ್ಲಿ ಸಂಜೆ ಹೊತ್ತು ಮಾಡಿ.

ಆಫೀಸಲ್ಲಿ ಒಂದು ಪೈಸೆ ಖರ್ಚಿಲ್ದೆ ಆಗೋ ಕೆಲಸನೂ ಇದೆ. ಇ-ಸ್ವತ್ತು ನಮೂನೆ 9ಕ್ಕೆ (ಮನೆ, ಸೈಟಿನ ಆಸ್ತಿ ದಾಖಲೆ), ಲೈಸೆನ್ಸಿಗೆ, ನಲ್ಲಿ ಕನೆಕ್ಷನ್‌ಗೆ ಯಾವ್ಯಾವ ಕಾಗದ ಬೇಕು, ಎಷ್ಟು ದಿನ, ಎಷ್ಟು ಫೀಸು ಅಂತ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರ್ಸಿ. ಒಂದು ಜೆರಾಕ್ಸ್ ಮರೆತಿದ್ದಕ್ಕೆ ಕೂಲಿ ಬಿಟ್ಟು ಮೂರು ಸಲ ಬರೋ ಅಜ್ಜಿ ಕಳ್ಕೊಳ್ಳೋದೂ ದುಡ್ಡೇ ಅಲ್ವಾ, ನಮ್ಮ ಲೆಕ್ಕದಲ್ಲಿ ಕಾಣಲ್ಲ ಅಷ್ಟೇ. ಸಕಾಲ ಕಾಯ್ದೆ (ಇಷ್ಟು ದಿನದೊಳಗೆ ಸೇವೆ ಕೊಡ್ಬೇಕು ಅನ್ನೋದು) ಅಡಿ ಬರೋ ಸೇವೆಗೆ 15 ಅಂಕಿ ನಂಬರ್ ಇರೋ ರಸೀದಿ ಕೊಡಲೇಬೇಕು, ಕೊಡ್ತಿದಾರಾ ಅಂತ ವಾರಕ್ಕೊಮ್ಮೆ ಹೋಗಿ ವಿಚಾರಿಸಿ.

ಕೊನೆಗೆ ಉಳಿಸಿದ್ದೆಷ್ಟು, ವಸೂಲಾಗಿದ್ದೆಷ್ಟು, ಯಾವುದಕ್ಕೆ ಖರ್ಚಾಯ್ತು ಅಂತ ತಿಂಗಳಿಗೊಂದು ಹಾಳೆ ಬರೀರಿ. ಗ್ರಾಮ ಸಭೆವರೆಗೂ ಕಾಯ್ಬೇಡಿ, ಪಂಚಾಯ್ತಿ ನೋಟಿಸ್ ಬೋರ್ಡನ್ನ ಯಾರೂ ಓದಲ್ಲ. ಹಾಲಿನ ಡೇರಿ ಗೋಡೆಗೆ ಅಂಟಿಸಿ, ಅಲ್ಲಿಗೆ ಜನ ಬೆಳಗ್ಗೆ ಸಂಜೆ ಎರಡು ಹೊತ್ತೂ ಬಂದು ಸಾಲಲ್ಲಿ ನಿಂತಿರ್ತಾರೆ.