ಮಗಳನ್ನು ಸ್ಪರ್ಧೆಯ ಬ್ಯಾಚಿಗೆ ಸೇರಿಸುವ ಮುನ್ನ ನಾವು ನೋಡಿದ್ದು

ನನ್ನ ಮಗಳು ಕುವೆಂಪುನಗರದ ನಮ್ಮ ಮನೆಯ ಹತ್ತಿರದ ಯೋಗ ತರಗತಿಯಿಂದ ಜಿಮ್ನಾಸ್ಟಿಕ್ಸ್‌ಗೆ ಬಂದವಳು. ಶನಿವಾರ, ಭಾನುವಾರ ಆಟಕ್ಕೆಂದು ಹೋಗುತ್ತಿದ್ದ ಅವಳಿಗೆ 7 ತುಂಬಿದಾಗ ಕೋಚ್ ನನ್ನನ್ನು ಕರೆದು, "ಮೇಡಂ, ಮೈ ರಬ್ಬರ್ ಇದ್ದ ಹಾಗಿದೆ, ಸ್ಪರ್ಧೆಯ ಬ್ಯಾಚಿಗೆ ಕಳಿಸಿ, ವಾರಕ್ಕೆ ಆರು ದಿನ, ದಿನಕ್ಕೆ ಮೂರು ಗಂಟೆ" ಎಂದರು. ನಾನು ವೃತ್ತಿಯಲ್ಲಿ ಫಿಸಿಯೋಥೆರಪಿಸ್ಟ್. ಆ ಮಾತಿಗೆ ಒಪ್ಪುವ ಮೊದಲು ನಾನೂ ನನ್ನ ಪತಿಯೂ ಏನೇನು ನೋಡಿದೆವು, ಯಾವುದಕ್ಕೆ ಎಷ್ಟು ಬೆಲೆ ಕೊಟ್ಟೆವು ಎಂಬುದನ್ನು ಇದೇ ಯೋಚನೆಯಲ್ಲಿರುವ ತಂದೆತಾಯಂದಿರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಆ ರಬ್ಬರ್ ಮೈಯ ವಿಚಾರ. ಎಲ್ಲರೂ ಹೊಗಳುವ ಆ ಗುಣವೇ ನನಗೆ ಹೆಚ್ಚು ಯೋಚನೆ ಹುಟ್ಟಿಸಿತು. ಕೀಲುಗಳ ಸಡಿಲತೆಯನ್ನು ಅಳೆಯಲು ನಾವು 9 ಅಂಕಗಳ ಬೈಟನ್ ಪರೀಕ್ಷೆಯನ್ನು ಬಳಸುತ್ತೇವೆ: ಕಿರುಬೆರಳು ಹಿಂದಕ್ಕೆ ಎಷ್ಟು ಬಾಗುತ್ತದೆ, ಹೆಬ್ಬೆರಳು ಮುಂಗೈಗೆ ತಾಗುತ್ತದೆಯೇ, ಮೊಣಕೈ ಮತ್ತು ಮೊಣಕಾಲು ನೇರ ಗೆರೆಯನ್ನು ದಾಟಿ ಹಿಂದಕ್ಕೆ ಹೋಗುತ್ತವೆಯೇ, ಮಂಡಿ ಮಡಿಸದೆ ಬಗ್ಗಿದರೆ ಅಂಗೈ ಪೂರ್ತಿ ನೆಲಕ್ಕೆ ಊರುತ್ತದೆಯೇ ಎಂದು ನೋಡುತ್ತೇವೆ. ಮಗಳ ಅಂಕ ಮೇಲಿನ ಸಾಲಿನಲ್ಲೇ ಇತ್ತು. ಅವಳು ಹ್ಯಾಂಡ್‌ಸ್ಟ್ಯಾಂಡ್, ಅಂದರೆ ತಲೆಕೆಳಗಾಗಿ ಕೈಗಳ ಮೇಲೆ ನಿಲ್ಲುವುದನ್ನು, ಮಾಡುವಾಗ ಎದುರಿನಿಂದ ನೋಡಿದವರಿಗೆ ಅದು ಅಂದವಾಗಿಯೇ ಕಾಣುತ್ತಿತ್ತು. ಪಕ್ಕದಿಂದ ನೋಡಿದರೆ ಮೊಣಕೈಗಳು ಹಿಂದಕ್ಕೆ ಬಿಲ್ಲಾಗಿ, ದೇಹದ ಭಾರವೆಲ್ಲ ಸ್ನಾಯುಗಳ ಮೇಲಲ್ಲದೆ ಕೀಲಿನ ಮೇಲೆಯೇ ಬೀಳುತ್ತಿರುವುದು ತಿಳಿಯುತ್ತಿತ್ತು. ಇಂಥ ಮಗುವಿಗೆ ಇನ್ನಷ್ಟು ಬಾಗುವುದನ್ನು ಕಲಿಸಬೇಕಾಗಿಲ್ಲ, ಬಲ ಬರಿಸಬೇಕು. ಆ ಬಲ ಬರುವವರೆಗೆ ಬ್ಯಾಕ್ ವಾಕೋವರ್‌ನಂಥ, ಬೆನ್ನನ್ನು ಹಿಂದಕ್ಕೆ ಬಾಗಿಸುವ ಕಸರತ್ತುಗಳನ್ನು ಮಿತಿಯಲ್ಲಿಡಬೇಕೆಂದು ಕೋಚ್‌ಗೆ ಹೇಳಿದೆ. ಅವರು ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದನ್ನೂ ಗಮನಿಸಿದೆ. ಅವರು ಬೇಸರಪಡದೆ, ಯಾವ ವ್ಯಾಯಾಮ ಮಾಡಿಸಬಹುದೆಂದು ಕೇಳಿ ಬರೆದುಕೊಂಡರು.

ಈಗ ಸೇರದಿದ್ದರೆ ತಡವಾಯಿತೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಈ ಕ್ರೀಡೆಯ ಮೂಲಪಾಠಗಳು ಚಿಕ್ಕವಯಸ್ಸಿನಲ್ಲಿ ಸುಲಭವಾಗಿ ಮೈಗೂಡುತ್ತವೆ. ಆದರೆ 1997ರಿಂದ ಅಂತಾರಾಷ್ಟ್ರೀಯ ಹಿರಿಯರ ವಿಭಾಗದಲ್ಲಿ ಹೆಣ್ಣುಮಕ್ಕಳಿಗೆ ಕನಿಷ್ಠ ವಯಸ್ಸು 16. ಅಗರ್ತಲಾದ ದೀಪಾ ಕರ್ಮಾಕರ್ ಸುಮಾರು 6ನೇ ವಯಸ್ಸಿಗೆ ಅಭ್ಯಾಸ ಆರಂಭಿಸಿದವರು; 2016ರ ರಿಯೊ ಒಲಿಂಪಿಕ್ಸ್‌ನಲ್ಲಿ, ಓಡಿ ಬಂದು ಮೇಜಿನಂಥ ಸಾಧನದ ಮೇಲೆ ಕೈಯೂರಿ ಹಾರುವ ವಾಲ್ಟ್‌ನಲ್ಲಿ 0.15 ಅಂಕದಿಂದ ಕಂಚು ತಪ್ಪಿ ನಾಲ್ಕನೆಯವರಾದಾಗ ಅವರಿಗೆ 23. ಇಷ್ಟು ದೀರ್ಘವಾದ ದಾರಿಯಲ್ಲಿ ಏಳರ ಮಗುವಿಗೆ ಒಂದೆರಡು ವರ್ಷ ನಿಧಾನವಾಗಿ ನಡೆಯುವ ಅವಕಾಶ ಖಂಡಿತ ಇದೆ.

ವಾರಕ್ಕೆ 18 ಗಂಟೆ ಎಂಬುದನ್ನು ಮಾತ್ರ ನಾವು ಒಪ್ಪಲಿಲ್ಲ. ಮಗುವಿನ ವಯಸ್ಸು ಎಷ್ಟು ವರ್ಷವೋ ಸಂಘಟಿತ ತರಬೇತಿ ವಾರಕ್ಕೆ ಅಷ್ಟು ಗಂಟೆ ಮೀರಬಾರದೆಂಬ ಒಂದು ಅಂದಾಜು ಕ್ರೀಡಾ ವೈದ್ಯಕೀಯದಲ್ಲಿ ಬಳಕೆಯಲ್ಲಿದೆ. ಅದರ ಪ್ರಕಾರ ಇದು ಎರಡು ಪಟ್ಟಿಗಿಂತಲೂ ಹೆಚ್ಚು. ಜಿಮ್ನಾಸ್ಟಿಕ್ಸ್‌ನಲ್ಲಿ ಕೈಗಳೇ ಕಾಲಿನ ಕೆಲಸವನ್ನೂ ಮಾಡುವುದರಿಂದ, ಮುಂಗೈ ಮೂಳೆಯ ತುದಿಯಲ್ಲಿ ಗ್ರೋತ್ ಪ್ಲೇಟ್ ಎಂದು ನಾವು ಕರೆಯುವ ಬೆಳೆಯುವ ಪದರಕ್ಕೆ ಮತ್ತೆ ಮತ್ತೆ ಪೆಟ್ಟು ಬಿದ್ದು ಮಣಿಕಟ್ಟಿನ ನೋವು ಶುರುವಾಗುತ್ತದೆ. ಹಿಂದಕ್ಕೆ ಬಾಗಿದಾಗ ಸೊಂಟ ನೋಯುತ್ತಿದ್ದರೆ ಬೆನ್ನೆಲುಬಿನಲ್ಲಿ ಸಣ್ಣ ಬಿರುಕಿರಬಹುದು. ಇವನ್ನು ಅಭ್ಯಾಸ ಮಾಡಿದರೆ ಸರಿಹೋಗುವ ನೋವೆಂದು ತಳ್ಳಿಹಾಕಬಾರದು.

ನನ್ನ ಅತ್ತೆಯವರ ಆತಂಕವೇ ಬೇರೆ. "ಹೆಣ್ಣುಮಗು ಕಣಮ್ಮ, ಕೈಗಿಯ್ ಮುರ್ಕೊಂಡ್ರೆ ಏನ್ ಗತಿ? ಕುಳ್ಳಿಯಾಗೇ ಉಳಿದ್ಬಿಟ್ರೆ?" ಎಂದರು. ಎತ್ತರದ ಬಗ್ಗೆ ಸಮಾಧಾನ ಹೇಳುವುದು ಕಷ್ಟವಾಗಲಿಲ್ಲ. ಗಿಡ್ಡಗಿರುವ ಮಕ್ಕಳಿಗೆ ಈ ಆಟ ಒಗ್ಗುವುದರಿಂದ ಅವರೇ ಇದರಲ್ಲಿ ಉಳಿಯುತ್ತಾರೆ, ಆಟ ಅವರನ್ನು ಗಿಡ್ಡ ಮಾಡುವುದಿಲ್ಲ. ಆದರೆ ತೂಕ ಇಳಿಸಲೆಂದು ಊಟ ಕಡಿಮೆ ಮಾಡಿಸಿದರೆ ಬೆಳವಣಿಗೆಗೆ ನಿಜವಾಗಿಯೂ ಧಕ್ಕೆಯಾಗುತ್ತದೆ. ಹಾಗಾಗಿ ಮಗುವಿನ ಎದುರು ಅವಳ ತೂಕದ ಮಾತನ್ನು ಯಾರೂ ಎತ್ತಕೂಡದೆಂಬುದು ನಮ್ಮ ಮೊದಲ ಷರತ್ತಾಯಿತು.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಸ್ಪರ್ಧೆಯ ಬ್ಯಾಚಿನ ಅಭ್ಯಾಸವನ್ನು ಆರಂಭದಿಂದ ಕೊನೆಯವರೆಗೆ ಕುಳಿತು ನೋಡಿದ್ದು. ಹೋಲಿಸಿ ನೋಡಲೆಂದು ಹೋಗಿದ್ದ ಇನ್ನೊಂದು ಕಡೆ, ಸ್ಪ್ಲಿಟ್‌ನಲ್ಲಿ, ಅಂದರೆ ಎರಡೂ ಕಾಲುಗಳನ್ನು ವಿರುದ್ಧ ದಿಕ್ಕಿಗೆ ನೆಲದ ಮೇಲೆ ಚಾಚಿ ಕುಳಿತಿದ್ದ ಮಗು ಅಳುತ್ತಿದ್ದರೂ ಅದರ ತೊಡೆಯ ಮೇಲೆ ಭಾರ ಹಾಕಿ ಒತ್ತುತ್ತಿದ್ದರು. ನಾವು ಅಲ್ಲಿಂದ ಎದ್ದು ಬಂದೆವು. ನಮ್ಮ ಕೇಂದ್ರದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ಬೀಮ್ ಎಂಬ ಎತ್ತರದ, ಕಿರಿದಾದ ತೊಲೆಯ ಮೇಲೆ ಕೈಯೆತ್ತಿ ನಿಂತು, ಹಿಂದಕ್ಕೆ ಬಾಗಲಾಗದೆ ಮತ್ತೆ ಮತ್ತೆ ಕೈ ಇಳಿಸುತ್ತಿದ್ದಳು. ಬೀಮ್‌ನ ಅಗಲ 10 ಸೆಂಟಿಮೀಟರ್, ಸ್ಪರ್ಧೆಯಲ್ಲಿ ಅದರ ಎತ್ತರ 125. ಕೋಚ್ ಗದರಲಿಲ್ಲ. "ಇವತ್ತು ಬೇಡ ಅನ್ನಿಸಿದ್ರೆ ಕೆಳಗಿನ ಬೀಮಲ್ಲಿ ಮಾಡಮ್ಮ" ಎಂದು, ಅಲ್ಲಿಯೂ ಸೊಂಟಕ್ಕೆ ಕೈಕೊಟ್ಟು ನಿಂತರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಾಳಿಯಲ್ಲಿ ತನ್ನ ದಿಕ್ಕೇ ತಿಳಿಯದಂತಾದಾಗ ಹಲವು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅವರಂಥವರೇ ತಂಡದ ಫೈನಲ್‌ನ ನಡುವೆ ಹಿಂದೆ ಸರಿದರು; ಬೇಡ ಎನ್ನಲು ಮಗುವಿಗೆ ಅವಕಾಶವಿಲ್ಲದ ಜಾಗಕ್ಕೆ ಮಗುವನ್ನು ಕಳಿಸಬಾರದೆಂದು ನಾನು ದೃಢವಾಗಿ ನಂಬುತ್ತೇನೆ. ಅಮೆರಿಕದ ತಂಡದ ವೈದ್ಯನೊಬ್ಬ ನೂರಾರು ಹುಡುಗಿಯರ ಮೇಲೆ ನಡೆಸಿದ ದೌರ್ಜನ್ಯ ತಿಳಿದ ಮೇಲೆ, ಅಭ್ಯಾಸವನ್ನು ಯಾವಾಗ ಬೇಕಾದರೂ ನೋಡಲು ಪೋಷಕರಿಗೆ ಬಿಡುತ್ತಾರೆಯೇ ಎಂದು ಕೇಳಲು ಸಂಕೋಚಪಡುವ ಅಗತ್ಯವೇ ಇಲ್ಲ. ನಾವು ಕೇಳಿದೆವು, ಅವರು ಒಪ್ಪಿದರು.

ಕೊನೆಗೆ ವಾರಕ್ಕೆ ಮೂರು ದಿನ, ಎರಡೆರಡು ಗಂಟೆ ಎಂದು ನಿಗದಿಯಾಯಿತು. 9 ತುಂಬುವವರೆಗೆ ಊರಾಚೆಯ ಸ್ಪರ್ಧೆಗಳು ಬೇಡವೆಂದೂ ಮಾತಾಯಿತು. ಮಗಳೀಗ ನಾಲ್ಕನೇ ತರಗತಿಯಲ್ಲಿದ್ದಾಳೆ, ಸ್ಪರ್ಧೆಗಳಿಗೆ ಹೋಗುತ್ತಾಳೆ, ಹ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಮೊಣಕೈ ನೇರವಾಗಿ ನಿಲ್ಲುತ್ತದೆ. ಭಾನುವಾರ ಅವಳ ಮಣಿಕಟ್ಟನ್ನು ಒತ್ತಿ ನೋಡುತ್ತೇನೆ. ನೋವೆಂದರೆ ಮುಂದಿನ ವಾರ ಕೈಮೇಲೆ ಭಾರ ಬೀಳುವ ಯಾವ ಅಭ್ಯಾಸವೂ ಇಲ್ಲ. ವರ್ಷದಲ್ಲಿ ಎರಡು ಸಲ, ಮುಂದುವರಿಯುವ ಮನಸ್ಸಿದೆಯೇ ಎಂದು ಅವಳನ್ನೇ ಕೇಳುತ್ತೇವೆ. ಪದಕ ಬಂದ ದಿನವಾಗಲಿ, ಬಿದ್ದು ಅತ್ತ ದಿನವಾಗಲಿ ಆ ಪ್ರಶ್ನೆ ಎತ್ತುವುದಿಲ್ಲ. ದಸರಾ ರಜೆಯಲ್ಲಿ ಮತ್ತು ಬೇಸಿಗೆ ರಜೆಯಲ್ಲಿ, ತರಗತಿಯಿಂದ ಕೆಲವು ದಿನ ದೂರವಿದ್ದ ಮೇಲೆ ಕೇಳುತ್ತೇವೆ. ಈಗ ಕೋಚ್ ನಾಲ್ಕನೆಯ ದಿನವನ್ನು ಕೇಳುತ್ತಿದ್ದಾರೆ. ವಾರ್ಷಿಕ ಪರೀಕ್ಷೆ ಮುಗಿದು, ಅವಳ ಉತ್ತರ ಬಂದ ಮೇಲೆ ತಿಳಿಸುವುದಾಗಿ ಹೇಳಿದ್ದೇವೆ.