ಪ್ಯಾನಿಕ್ ಅಟ್ಯಾಕ್‌ಗೆ ಇಎಂಡಿಆರ್ ಮಾಡಿಸಿಕೊಳ್ಳುವುದು ಹೇಗೆ?

ಇಎಂಡಿಆರ್ ಅಂದರೆ ಕೆಟ್ಟ ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣು ಆಡಿಸುವ ಥೆರಪಿ. ಅದಕ್ಕೆ ಹೋಗುವ ಮುಂಚೆ ಇಸಿಜಿ, ಥೈರಾಯ್ಡ್ ಎರಡೂ ನೋಡಿಸಿಕೊಳ್ಳಿ. ಥೈರಾಯ್ಡ್ ಜಾಸ್ತಿ ಆದರೂ ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ. ಫಿಟ್ಸ್ ಇದ್ದರೆ, ಬಸುರಿಯಾಗಿದ್ದರೆ ಮೊದಲೇ ಹೇಳಿಬಿಡಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಅಮೆರಿಕದ ಫ್ರಾನ್ಸೀನ್ ಶಪೀರೊ 1987ರಲ್ಲಿ ಇದನ್ನು ಶುರು ಮಾಡಿದರು. ಆಘಾತದ ನೆನಪಿನಿಂದ ನರಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯೇ 2013ರಲ್ಲಿ ಇದನ್ನು ಶಿಫಾರಸು ಮಾಡಿದೆ. ಪ್ಯಾನಿಕ್‌ಗೆ ಮಾತ್ರ ಇವತ್ತಿಗೂ ಮೊದಲ ಆಯ್ಕೆ ಸಿಬಿಟಿ (ಯೋಚನೆ, ನಡವಳಿಕೆಯನ್ನು ತಿದ್ದುವ ಮಾತಿನ ಥೆರಪಿ) ಮತ್ತು ಮಾತ್ರೆ. 2000ದ ಒಂದು ಅಧ್ಯಯನದಲ್ಲಿ ಇಎಂಡಿಆರ್‌ನಿಂದ, ಹೋಲಿಕೆಗೆ ಕೊಟ್ಟ ಬೇರೆ ಥೆರಪಿಗಿಂತ ಹೆಚ್ಚಿನ ಫಲ ಕಾಣಲಿಲ್ಲ. 2017ರಲ್ಲಿ ನೆದರ್ಲೆಂಡ್ಸ್‌ನವರು ಮಾಡಿದ್ದರಲ್ಲಿ ಹಲವು ಅಳತೆಗಳಲ್ಲಿ ಅದು ಸಿಬಿಟಿಗಿಂತ ಹಿಂದೆ ಬೀಳಲಿಲ್ಲ. ಇಷ್ಟು ತಿಳಿದುಕೊಂಡೇ ಹೋಗಿ.

ನನ್ನ ಪ್ರಕಾರ ಇದರಲ್ಲಿ ಮುಖ್ಯವಾದದ್ದು ಕಣ್ಣಲ್ಲ, ಯಾವ ನೆನಪನ್ನು ಹಿಡಿಯಬೇಕು ಅನ್ನೋದು. ಪ್ಯಾನಿಕ್ ಇರುವವರನ್ನು ಕಾಡುವುದು ಮುಂದಿನ ಅಟ್ಯಾಕಿನ ಭಯ. ಆ ಭಯದ ಬೇರು ಎಷ್ಟೋ ಸಲ ಮೊದಲ ಅಟ್ಯಾಕಿನಲ್ಲೇ ಇರುತ್ತದೆ. ಹಾಗಾಗಿ ಮೊದಲನೆಯದು, ತೀರಾ ಕೆಟ್ಟದ್ದು, ಇತ್ತೀಚಿನದು, ಈ ಮೂರನ್ನೂ ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ನನಗೆ ಮೊದಲು ಬಂದದ್ದು ಮೆಟ್ರೋದಲ್ಲಿ, ಚಿಕ್ಕಪೇಟೆ ಬಿಟ್ಟ ಮೇಲೆ, ಸುರಂಗದೊಳಗೆ. ಥೆರಪಿಸ್ಟ್ ಕೇಳಿದ್ದು, ‘ಎಲ್ಲಕ್ಕಿಂತ ಕೆಟ್ಟ ಚಿತ್ರ ಯಾವುದು?’ ಕಂಬ ಹಿಡಿದ ನನ್ನ ಬೆವರು ಕೈ. ಪಕ್ಕದ ಹೆಂಗಸಿನ ಚೀಲದಲ್ಲಿ ಸೇವಂತಿಗೆ ಹೂವಿನ ವಾಸನೆ. ‘ಆ ಚಿತ್ರ ನೋಡಿದಾಗ ನಿಮ್ಮ ಬಗ್ಗೆ ಏನನ್ನಿಸುತ್ತೆ?’ ಇಲ್ಲೇ ಸತ್ತುಹೋಗ್ತೀನಿ ಅಂತ. ‘ಅದರ ಬದಲು ಏನನ್ನಿಸಬೇಕು?’ ಬಂದದ್ದು ಹೋಗುತ್ತೆ, ನಾನು ತಡ್ಕೋತೀನಿ ಅಂತ. ಈ ಮಾತನ್ನು ಎಷ್ಟು ನಂಬುತ್ತೀರಿ ಅಂತ 1ರಿಂದ 7ರೊಳಗೆ, ಸಂಕಟ ಎಷ್ಟು ಅಂತ 0ಯಿಂದ 10ರೊಳಗೆ ಅಂಕ ಕೊಡಬೇಕು. ಮೈಯಲ್ಲಿ ಎಲ್ಲಿ ಹಿಡಿದಂತಾಗುತ್ತದೆ ಅಂತಲೂ ಹೇಳಬೇಕು. ನನಗೆ ಗಂಟಲಲ್ಲಿ.

ಆಮೇಲೆ ಅವರ ಬೆರಳು ಎಡಕ್ಕೆ, ಬಲಕ್ಕೆ ಹೋಗುತ್ತದೆ. ತಲೆ ಅಲ್ಲಾಡಿಸದೆ ಕಣ್ಣಲ್ಲೇ ಹಿಂಬಾಲಿಸಬೇಕು. ಅರ್ಧ ನಿಮಿಷದ ಆಸುಪಾಸು. ನಿಲ್ಲಿಸಿ, ಉಸಿರು ಬಿಟ್ಟು, ‘ಈಗ ಏನು ಬಂತು?’ ಅನ್ನುತ್ತಾರೆ. ಸುಮ್ನೆ ಬಂದದ್ದನ್ನು ಹೇಳಿ. ಜೋಡಿಸಿ ಚೆಂದ ಮಾಡಿ ಹೇಳಬೇಡಿ. ನನಗೆ ಅಪ್ಪನ ಆಸ್ಪತ್ರೆ ಕಾರಿಡಾರ್ ಬಂತು, ಮೆಟ್ರೋಗೂ ಅದಕ್ಕೂ ಏನು ಸಂಬಂಧ ಅಲ್ವಾ? ಆದರೆ ಆ ಗಂಟಲು ಬಿಗಿತ ಅಲ್ಲಿಯದೇ. ಅವರು ‘ಅದರ ಜೊತೆಗೇ ಇರಿ’ ಅಂದು ಮತ್ತೆ ಬೆರಳು ಆಡಿಸಿದರು. ಕಣ್ಣು ನೋಯುತ್ತಿದ್ದರೆ ಹೇಳಿ, ಬೆರಳಿನ ಬದಲು ನಿಮ್ಮ ಎಡಗೈ, ಬಲಗೈ ಮೇಲೆ ಒಂದಾದ ಮೇಲೊಂದು ತಟ್ಟಿಯೂ ಮಾಡುತ್ತಾರೆ. ತಡೆಯಲಾಗದಿದ್ದರೆ ಕೈ ಎತ್ತಿ, ನಿಲ್ಲಿಸುತ್ತಾರೆ. ಈ ಗುರುತನ್ನು ಶುರುವಿಗೆ ಮುಂಚೆಯೇ ಮಾತಾಡಿಕೊಳ್ಳಿ.

ಸಂಕಟ ಇಳಿದು ಒಳ್ಳೆಯ ಮಾತು ಗಟ್ಟಿಯಾದ ಮೇಲೆ, ಮುಂದಿನ ಪ್ರಯಾಣವನ್ನು ಮನಸ್ಸಿನಲ್ಲೇ ಮಾಡಿಸುತ್ತಾರೆ. ಅದಾದ ಮೇಲೆ ನಿಜವಾಗಿಯೂ ಹತ್ತಬೇಕು. ನಾನು ಮೊದಲು ಒಂದೇ ಒಂದು ಸ್ಟೇಷನ್ ಹೋಗಿ ಇಳಿದೆ.

ವಿಡಿಯೋ ನೋಡಿಕೊಂಡು ಒಬ್ಬರೇ ಮನೆಯಲ್ಲಿ ಇದನ್ನು ಮಾಡಬೇಡಿ, ದಯವಿಟ್ಟು. ಎದ್ದ ನೆನಪನ್ನು ಮತ್ತೆ ಕೂರಿಸಲು ಪಕ್ಕದಲ್ಲಿ ಕಲಿತವರು ಇರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ, ಇಎಂಡಿಆರ್ ತರಬೇತಿ ಆಗಿದೆಯಾ ಅಂತ ನೇರವಾಗಿ ಕೇಳಿ. ಇದನ್ನು ಕೇಳೋದರಲ್ಲಿ ಸಂಕೋಚ ಬೇಡ.

ಸೆಷನ್ ಆದ ದಿನ ಗಾಡಿ ಓಡಿಸಬೇಡಿ, ಯಾರನ್ನಾದರೂ ಕರೆದುಕೊಂಡು ಹೋಗಿ. ಎರಡು ಮೂರು ದಿನ ವಿಚಿತ್ರ ಕನಸು ಬೀಳಬಹುದು, ಹಳೇ ನೆನಪು ತೇಲಿ ಬರಬಹುದು. ಬರೆದಿಟ್ಟುಕೊಂಡು ಮುಂದಿನ ಸಲ ತೋರಿಸಿ. ನಡುವೆ ತೀರಾ ಕಷ್ಟ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.