ಉಂಗುರದ ಒಳಗಿನ ತಾರೀಖಿನಿಂದ ಮನೆತನದವರೆಗೆ

ಕಾಗದಪತ್ರ ಇಲ್ಲದ ಹಳೇ ರಷ್ಯನ್ ಮದುವೆ ಉಂಗುರದ ಮನೆತನ ಸಿಗುವುದಿಲ್ಲ ಎಂದು ಹೇಳಿದವರೇ ಜಾಸ್ತಿ. ಸಿಗುತ್ತದೆ. ಆದರೆ ಜೋಡಿ ಇರಬೇಕು, ಒಳಗೆ ಹೆಸರೂ ತಾರೀಖೂ ಇರಬೇಕು. ಒಂಟಿ ಉಂಗುರಕ್ಕೆ ದುಡ್ಡು ಹಾಕುವುದನ್ನು ನಾನು ಬಿಟ್ಟಿದ್ದೇನೆ. ಅದರಲ್ಲಿರುವುದು ಸಾಮಾನ್ಯವಾಗಿ ಸಂಗಾತಿಯ ಹೆಸರು ಮಾತ್ರ, ಮಾಸ್ಕೋದಲ್ಲಿ ಅನ್ನಾ ಎಂಬ ಹೆಸರಿನ ಹೆಂಗಸರಿಗೆ ಲೆಕ್ಕವಿಲ್ಲ. 1931ರಿಂದ 1936ರವರೆಗೆ ತೋರ್ಗ್ಸಿನ್ ಎಂಬ, ಚಿನ್ನ ಪಡೆದು ಸಾಮಾನು ಕೊಡುತ್ತಿದ್ದ ಸೋವಿಯತ್ ಸರ್ಕಾರಿ ಅಂಗಡಿಗಳಲ್ಲಿ ಜನ ಹಿಟ್ಟು, ಸಕ್ಕರೆಗಾಗಿ ಮದುವೆ ಉಂಗುರ ಕೊಟ್ಟುಬಿಟ್ಟರು. ಹಾಗಾಗಿ ಉಳಿದ ಜೋಡಿಗೆ ಬಿಡಿ ಉಂಗುರಗಳಿಗಿಂತ ಹತ್ತಿರ ಹತ್ತಿರ ಒಂದೂವರೆ ಪಟ್ಟು ಬೆಲೆ. ಕೊಡಬಹುದು.

ಮೊದಲು ಮುದ್ರೆ ಓದಿ: 56 (ಚಿನ್ನದ ಶುದ್ಧತೆಯ ಹಳೇ ರಷ್ಯನ್ ಅಂಕೆ, ಈಗಿನ 14 ಕ್ಯಾರೆಟ್), ಕೊಕೊಶ್ನಿಕ್ ಎಂಬ ರಷ್ಯನ್ ಶಿರೋಭೂಷಣ ತೊಟ್ಟ ಹೆಣ್ಣಿನ ತಲೆ, ಎಡಮುಖವಾದರೆ 1899ರಿಂದ 1908, ಬಲಮುಖವಾದರೆ ಆಮೇಲಿನದು. ಎಡಮುಖದ ಜೊತೆ ಅಲ್ಲಿನ ಚಿನ್ನ ಪರೀಕ್ಷೆಯ ಅಧಿಕಾರಿ ಇವಾನ್ ಲೆಬೆದ್ಕಿನ್‌ನ ಮೊದಲಕ್ಷರ ಇದ್ದರೆ ಮಾಸ್ಕೋ. ಬಲಮುಖದ ಜೊತೆ ಗ್ರೀಕ್ ಡೆಲ್ಟಾ ಇದ್ದರೂ ಮಾಸ್ಕೋನೇ, ಆಲ್ಫಾ ಇದ್ದರೆ ಪೀಟರ್ಸ್‌ಬರ್ಗ್. ಬಲಮುಖದ ಉಂಗುರದಲ್ಲಿ 1904 ಎಂದು ಕೊರೆದಿದ್ದರೆ ಆ ತಾರೀಖನ್ನು ನಂಬಿ ಹುಡುಕಬೇಡಿ. ಎರಕದ ನಕಲಿನಲ್ಲಿ ಮುದ್ರೆಯ ಅಂಚು ಮೊಂಡಾಗಿರುತ್ತದೆ, ತಗ್ಗಿನಲ್ಲಿ ಸೂಜಿಮೊನೆಯಷ್ಟು ಗುಳ್ಳೆ ಕಾಣುತ್ತದೆ. ಗಂಡಸಿನ ಹೆಸರಿನ ಕೊನೆಯ ವ್ಯಂಜನದ ನಂತರ ರಷ್ಯನ್ ಗಡಸು ಚಿಹ್ನೆ (ъ) ಇದೆಯೇ ನೋಡಿ. ಅದನ್ನು ಅಲ್ಲಿಂದ ತೆಗೆದದ್ದು 1918ರ ಲಿಪಿ ಸುಧಾರಣೆ.

   

ನಿಜವಾದ ಕೆಲಸ ಪಂಚಾಂಗದ್ದು. ಕೊರೆದ ತಾರೀಖು ಹಳೇ ಜೂಲಿಯನ್ ಲೆಕ್ಕದ್ದು, 20ನೇ ಶತಮಾನದಲ್ಲಿ ನಮ್ಮದಕ್ಕಿಂತ 13 ದಿನ ಹಿಂದೆ. ಮಂಗಳವಾರ, ಗುರುವಾರ, ಶನಿವಾರ ಚರ್ಚ್ ಮದುವೆ ಮಾಡಿಸುತ್ತಿರಲಿಲ್ಲ. ಉಪವಾಸದ ಕಾಲದಲ್ಲೂ ಇಲ್ಲ. 1904ರ ಜನವರಿ 18 ಭಾನುವಾರ, ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸಕ್ಕೆ ಮೂರು ವಾರ ಮೊದಲು. ಮದುವೆ ಆಗಬಹುದಾದ ದಿನ. ಅದೇ ವರ್ಷದ ಫೆಬ್ರವರಿ 25 ಎಂದಿದ್ದರೆ ಉಪವಾಸದ ನಡುವೆ ಬೀಳುತ್ತದೆ. ಅದು ನಿಶ್ಚಿತಾರ್ಥವೋ ಉಡುಗೊರೆಯೋ ಇರಬೇಕು. ಚರ್ಚ್ ದಾಖಲೆಯ ಮದುವೆ ಪುಟದಲ್ಲಿ ಆ ದಿನ ಹುಡುಕಿದರೆ ಹಣ, ಕಣ್ಣು ಎರಡೂ ಹಾಳು. ಈಸ್ಟರ್ ಕಳೆದ ಮೇಲಿನ ವಾರಗಳಿಂದ ಶುರುಮಾಡಿ.

ನಂತರ ಚರ್ಚಿನ ಮೆಟ್ರಿಕ್ ಪುಸ್ತಕ, ಅಂದರೆ ಜನನ, ಮದುವೆ, ಮರಣಗಳ ದಾಖಲೆ; ಅದರಲ್ಲಿ ಮದುವೆಯ ಎರಡನೇ ಭಾಗ. ಮಾಸ್ಕೋದಲ್ಲಿ ಚರ್ಚುಗಳು ನೂರಾರು. ಉಂಗುರದ ಪೆಟ್ಟಿಗೆಯ ಮುಚ್ಚಳದ ರೇಷ್ಮೆ ಮೇಲೆ ಅಂಗಡಿಯ ವಿಳಾಸ ಇದ್ದರೆ ಆ ಬೀದಿಯ ಸುತ್ತಲಿನ ಚರ್ಚುಗಳು ಮೊದಲು. ಅಲ್ಲಿ ಸಿಗದಿದ್ದಾಗ ನಾನು ಯಾವ ಕ್ರಮ ಹಿಡಿಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೇ ಎರಡು ವರ್ಷ ಹಿಡಿದಿದೆ. ಮಾಸ್ಕೋದ ಸಂಶೋಧಕರಿಗೆ ಗಂಟೆ ಲೆಕ್ಕದಲ್ಲಿ ಕೊಟ್ಟರೆ ಒಂದು ಜೋಡಿಗೆ ಹದಿನೈದು ಇಪ್ಪತ್ತು ಸಾವಿರ ರೂಪಾಯಿ ಸುಲಭವಾಗಿ ಹೋಗುತ್ತದೆ. ಹಳೇ ಕೈಬರಹ ಓದಲು ಕಲಿತು ಪುಸ್ತಕದ ಸ್ಕ್ಯಾನ್ ನಾವೇ ತಿರುವಿದರೆ ಅದರ ಕಾಲುಭಾಗವೂ ಆಗದು.

ದಾಖಲೆ ಸಿಕ್ಕರೆ ವಧೂವರರ ಪೂರ್ತಿ ಹೆಸರು, ಸಾಮಾಜಿಕ ವರ್ಗ, ವಯಸ್ಸು, ಎಷ್ಟನೇ ಮದುವೆ, ಸಾಕ್ಷಿಗಳು ಎಲ್ಲ ಒಂದೇ ಸಾಲಿನಲ್ಲಿರುತ್ತವೆ. ರೈತ ವರ್ಗದವರಾದರೆ ಮೂಲ ಹಳ್ಳಿಯ ಹೆಸರೂ ಬರುತ್ತದೆ. ಆಗ ಮದುವೆಯ ವರ್ಷದಿಂದ ವಯಸ್ಸು ಕಳೆದು, ಒಂದೆರಡು ವರ್ಷ ಹಿಂದೆ ಮುಂದೆ ಸೇರಿಸಿ, ಆ ಹಳ್ಳಿಯ ಗುಬೇರ್ನಿಯಾದ (ಹಳೇ ರಷ್ಯದ ಪ್ರಾಂತದ) ಆರ್ಕೈವ್‌ನಲ್ಲಿ ಜನನದ ಭಾಗ ತೆರೆಯಿರಿ.